ರೊಸೆಟ್ಟಾ ಬನ್ನಿಗೆ ಅಚ್ಚು ಎಲ್ಲಿ ಸಿಗುತ್ತದೆ?

ರೊಸೆಟ್ಟಾ ಬನ್ನನ್ನು ಮುರಿದರೆ ಒಳಗೆ ಏನೂ ಇರುವುದಿಲ್ಲ. ಉಬ್ಬಿದ ಪೂರಿಯ ಹಾಗೆ ಬರೀ ಗಾಳಿ. ಮೇಲೆ ಐದಾರು ಎಸಳು, ನಡುವೆ ಗುಂಡನೆಯ ಮೊಗ್ಗು, ಸುತ್ತಲೂ ತೆಳುವಾದ ಗರಿಗರಿ ಹೊರಪದರ. ರೋಮ್‌ನವರು ಇದನ್ನು ರೊಸೆಟ್ಟಾ, ಅಂದರೆ ಪುಟ್ಟ ಗುಲಾಬಿ, ಎನ್ನುತ್ತಾರೆ. ಮಿಲಾನ್‌ನಲ್ಲಿ ಇದರ ಹೆಸರು ಮಿಕೆಟ್ಟಾ. ಆ ಪೊಳ್ಳಿನೊಳಗೆ ಹಂದಿಮಾಂಸದ ಮೊರ್ತದೆಲ್ಲಾ ಹೋಳುಗಳನ್ನು ತುರುಕಿ ತಿನ್ನುವುದು ಅಲ್ಲಿನ ರೂಢಿ. ನಮ್ಮ ಮನೆಯಲ್ಲಿ ಆಲೂಗಡ್ಡೆ ಪಲ್ಯ ತುಂಬಿದೆವು. ಅದಕ್ಕೂ ಬನ್ನು ತಕರಾರು ಮಾಡಲಿಲ್ಲ.

ಮನೆಯಲ್ಲಿ ಬ್ರೆಡ್ ಮಾಡುವ ಹುಚ್ಚು ಹತ್ತಿದವರು ಇದನ್ನು ನೋಡಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಆ ಅಚ್ಚು ಎಲ್ಲಿ ಸಿಗುತ್ತದೆ? ನಾನೂ ಅದನ್ನೇ ಕೇಳಿಕೊಂಡು ತಿಂಗಳುಗಟ್ಟಲೆ ಹುಡುಕಿದೆ. ಅಚ್ಚು ಸಿಕ್ಕಿತು. ಸಿಕ್ಕಿದ ಮೇಲೆ ಗೊತ್ತಾಗಿದ್ದು, ಅಚ್ಚಿನಿಂದ ಬರುವುದು ಹೂವಿನ ಗೆರೆ ಮಾತ್ರ. ಒಳಗಿನ ಪೊಳ್ಳು ಹಿಟ್ಟಿನ ಹದದಿಂದ, ಒಲೆಯ ಉರಿಯಿಂದ ಬರಬೇಕು. ಹಾಗಾಗಿ ಇಲ್ಲಿ ಅಚ್ಚಿನ ಮಾತು ಮೊದಲು, ಹಿಟ್ಟಿನ ಮಾತು ಆಮೇಲೆ.

ಏನೆಂದು ಹುಡುಕಬೇಕು

'ರೊಸೆಟ್ಟಾ' ಎಂದಷ್ಟೇ ಟೈಪ್ ಮಾಡಿದರೆ ಈಜಿಪ್ಟಿನ ಶಾಸನದ ಕಲ್ಲು ಬರುತ್ತದೆ, ಧೂಮಕೇತುವಿನ ಬೆನ್ನು ಹತ್ತಿದ ಯುರೋಪಿನ ನೌಕೆ ಬರುತ್ತದೆ, ಬನ್ನಿನ ಅಚ್ಚು ಬರುವುದಿಲ್ಲ. 'ರೊಸೆಟ್ ಮೋಲ್ಡ್' ಎಂದರೆ ಇನ್ನೊಂದು ಮೋಸ: ಉದ್ದ ಹಿಡಿಯ ಹೂವಿನ ಅಚ್ಚು ಕಾಣಿಸುತ್ತದೆ. ಅದು ನಮಗೆ ಗೊತ್ತಿರುವುದೇ. ಮಂಗಳೂರಿನ ಕಡೆ ಕ್ರಿಸ್‌ಮಸ್‌ಗೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸುತ್ತಾರಲ್ಲ, ಆ ರೋಸ್ ಕುಕಿ ಅಚ್ಚು. ಆಸೆಗೆ ಬಿದ್ದು ಅದನ್ನೂ ಹಿಟ್ಟಿನ ಮೇಲೆ ಒತ್ತಿ ನೋಡಿದ್ದೇನೆ. ಗೆರೆ ಚೆನ್ನಾಗಿಯೇ ಮೂಡಿತು, ಒಲೆಯಲ್ಲಿ ಹತ್ತು ನಿಮಿಷದೊಳಗೆ ಅಳಿಸಿಹೋಯಿತು. ಆಳ ಸಾಲದು.

ಇಟಾಲಿಯನ್ ಅಂಗಡಿಗಳ ತಾಣಗಳಲ್ಲಾದರೆ 'ಸ್ಟಾಂಪೊ ಪೆರ್ ರೊಸೆಟ್ಟೆ' ಅಥವಾ 'ಸ್ಟಾಂಪೊ ಮಿಕೆಟ್ಟಾ' ಎಂದು ಕೇಳಬೇಕು. ಭಾರತದಲ್ಲಿ ಕೂತು ಹುಡುಕುವವರಿಗೆ ಇದಕ್ಕಿಂತ ಬೇಗ ಫಲ ಕೊಡುವ ಮಾತು 'ಕೈಸರ್ ರೋಲ್ ಸ್ಟ್ಯಾಂಪ್'. ಇಟಲಿಯ ಬನ್ನಿಗೆ ಆಸ್ಟ್ರಿಯಾದ ಹೆಸರು ಯಾಕೆ ಎಂದರೆ, ಎರಡೂ ಒಂದೇ ಮನೆತನದವು. ಹದಿನೆಂಟನೇ ಶತಮಾನದ ಮೊದಲಲ್ಲಿ ಮಿಲಾನ್ ಸೀಮೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕೈಗೆ ಬಂತು. ಅವರ ಅಧಿಕಾರಿಗಳ ಜೊತೆ ಅವರ ಕೈಸರ್ ಬನ್ನೂ ಬಂತು. ಮಿಲಾನ್ ಇರುವುದು ಪೊ ನದಿಯ ಬಯಲಿನಲ್ಲಿ, ತೇವದ ಊರು. ವಿಯೆನ್ನಾದಲ್ಲಿ ಗರಿಗರಿಯಾಗಿರುತ್ತಿದ್ದ ಬನ್ನು ಇಲ್ಲಿ ಮೆತ್ತಗಾಗತೊಡಗಿತು, ಅದಕ್ಕೆ ಬೇಕರಿಯವರು ಒಳಗಿನ ತಿರುಳನ್ನೇ ಇಲ್ಲವಾಗಿಸಿ ಪೊಳ್ಳು ಮಾಡಿದರು ಎಂದು ಅಲ್ಲಿಯವರು ಹೇಳುವ ಕಥೆ. ಮಳೆಗಾಲದಲ್ಲಿ ಹಪ್ಪಳದ ಡಬ್ಬಿ ಕಾಯುವ ನಮಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. 2007ರಲ್ಲಿ ಮಿಲಾನ್ ನಗರಾಡಳಿತ ಮಿಕೆಟ್ಟಾವನ್ನು ತನ್ನ ಊರಿನ ತಿನಿಸೆಂದು ಅಧಿಕೃತವಾಗಿ ಗುರುತಿಸಿತು.

ಕೈಸರ್ ಅಚ್ಚಿಗೂ ರೊಸೆಟ್ಟಾ ಅಚ್ಚಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿದೆ. ಕೈಸರ್‌ನಲ್ಲಿ ನಡುವಿನಿಂದ ಗಾಳಿಗೆ ತಿರುಗುವ ಗಿರಗಿಟ್ಟಲೆಯಂತೆ ಬಾಗಿದ ಗೆರೆಗಳು ಹೊರಡುತ್ತವೆ. ರೊಸೆಟ್ಟಾದಲ್ಲಿ ನಡುವೆ ಒಂದು ಸಣ್ಣ ಬಳೆ, ಅದರ ಸುತ್ತ ಎಸಳು. ಬಳೆ ಇಲ್ಲದಿದ್ದರೆ ಆ ಮೊಗ್ಗು ಬರುವುದಿಲ್ಲ. ಮೊಗ್ಗಿನ ಹಟ ಇಲ್ಲದವರು ಕೈಸರ್ ಅಚ್ಚನ್ನೇ ಕೊಳ್ಳಬಹುದು, ರುಚಿಗೆ ಏನೂ ಕೊರತೆಯಾಗದು.

ಹುಡುಕಾಟದಲ್ಲಿ ಮತೇರಾದ ಮರದ ಮುದ್ರೆಗಳೂ ಎದುರಾಗುತ್ತವೆ. ನೋಡಲು ಬಲು ಚಂದ. ದಕ್ಷಿಣ ಇಟಲಿಯ ಆ ಊರಿನಲ್ಲಿ ಮನೆಯಲ್ಲಿ ನಾದಿದ ಹಿಟ್ಟನ್ನು ಕೇರಿಯ ಸಾಮೂಹಿಕ ಒಲೆಗೆ ಕಳಿಸುತ್ತಿದ್ದರು. ಯಾರ ರೊಟ್ಟಿ ಯಾರದೆಂದು ತಿಳಿಯಲು ಮನೆತನದ ಅಕ್ಷರ ಕೆತ್ತಿದ ಮುದ್ರೆ ಒತ್ತುತ್ತಿದ್ದರು. ಈಗ ಅವು ಪ್ರವಾಸಿಗರು ಕೊಳ್ಳುವ ನೆನಪಿನ ಕಾಣಿಕೆ. ಗೋಡೆಗೆ ತೂಗುಹಾಕಲು ತರಿಸಿಕೊಳ್ಳಿ, ರೊಸೆಟ್ಟಾಕ್ಕೆ ಬೇಡ. ಇನ್ನು ಫೆರಾರಾದ ಕೊಪಿಯಾ ಎಂಬ ನಾಲ್ಕು ಕೊಂಬಿನ ಬನ್ನನ್ನು ನೋಡಿ ಅದಕ್ಕೂ ಅಚ್ಚು ಹುಡುಕುವವರಿದ್ದಾರೆ. ಅದಕ್ಕೆ ಅಚ್ಚೇ ಇಲ್ಲ, ಪೂರ್ತಿ ಕೈಯಲ್ಲಿ ಸುತ್ತುವ ಕೆಲಸ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಆಳ ಮೊದಲು. ಅಲಗಿನ ಎತ್ತರ ಎರಡು ಸೆಂ.ಮೀ.ಗಿಂತ ಕಡಿಮೆ ಇದ್ದರೆ ದುಡ್ಡು ದಂಡ. ಚಿತ್ರದಲ್ಲಿ ಮೇಲಿನಿಂದ ತೆಗೆದ ನೋಟ ಮಾತ್ರ ಇದ್ದರೆ ಮಾರಾಟಗಾರರನ್ನು ಎತ್ತರ ಕೇಳಿ. ನಾನು ಕೇಳದೆ ತರಿಸಿದ ಒಂದು ಪ್ಲಾಸ್ಟಿಕ್ ಅಚ್ಚು ಒಂದು ಸೆಂ.ಮೀ. ಕೂಡ ಇರಲಿಲ್ಲ. ಈಗ ಅದು ಮಕ್ಕಳ ಜೇಡಿಮಣ್ಣಿನ ಆಟಕ್ಕೆ ಸೇರಿದೆ.

ಆಮೇಲೆ ಅಂಚು. ಇದು ಚಾಕುವಲ್ಲ, ಹರಿತ ಇದ್ದಷ್ಟೂ ಕೆಲಸ ಕೆಡುತ್ತದೆ. ಮೊಂಡು ಅಂಚು ಹಿಟ್ಟನ್ನು ಕತ್ತರಿಸದೆ ಕೆಳಕ್ಕೆ ಒತ್ತಿಕೊಂಡು ಹೋಗುತ್ತದೆ, ಗೆರೆಯ ಎರಡೂ ಬದಿಯ ಮೇಲ್ಪದರ ಹರಿಯದೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹರಿತ ಅಂಚಾದರೆ ಪದರ ಸೀಳಿ, ಬೇಯುವಾಗ ಅಲ್ಲಿಂದಲೇ ಹಬೆ ಸೋರುತ್ತದೆ. ಹಬೆ ಸೋರಿದ ಪೂರಿಯ ಗತಿ ಗೊತ್ತಲ್ಲ.

ಲೋಹದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಯೂಮಿನಿಯಂ ಆದರೆ ಡಿಶ್‌ವಾಷರ್‌ಗೆ ಹಾಕಬೇಡಿ, ಕಪ್ಪಾಗುತ್ತದೆ. ಸ್ಟೀಲ್ ಆದರೆ ಆ ಚಿಂತೆಯೂ ಇಲ್ಲ.

ಅಚ್ಚು ಸಿಗದಿದ್ದರೆ: ಸೇಬು ಕತ್ತರಿಸುವ ಚಕ್ರ

ಇಟಲಿಯ ಗೃಹಿಣಿಯರೇ ಕಂಡುಕೊಂಡ ದಾರಿ ಇದು, ನನ್ನ ಜಾಣತನವಲ್ಲ. ಸೇಬಿನ ಮೇಲಿಟ್ಟು ಒತ್ತಿದರೆ ಎಂಟು ಹೋಳು, ನಡುವೆ ಬೀಜದ ಗೂಡು ಬೇರೆಯಾಗುವ ಕಟ್ಟರ್ ಇದೆಯಲ್ಲ, ಅದರ ಆಕಾರ ರೊಸೆಟ್ಟಾ ಅಚ್ಚಿನದೇ. ನಡುವೆ ಬಳೆ, ಸುತ್ತ ಕಡ್ಡಿಗಳು. ಇಟಾಲಿಯನ್ ಪಾಕವಿಧಾನಗಳಲ್ಲಿ 'ಟಾಲ್ಯಾಮೇಲೆ' ಎಂದು ಕಂಡರೆ ಅದು ಇದೇ. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆಯ ಪಾತ್ರೆ ಅಂಗಡಿಗಳಲ್ಲಿ 'ಆ್ಯಪಲ್ ಕಟ್ಟರ್' ಎಂದು ಕೇಳಿದರೆ ಸಾಕು. ಎಂಟು ಕಡ್ಡಿಯದಕ್ಕಿಂತ ಆರು ಕಡ್ಡಿಯದು ಸಿಕ್ಕರೆ ಬಿಡಬೇಡಿ, ಎಸಳು ದಪ್ಪ ಬರುತ್ತದೆ.

ಇದರ ದೋಷ ಎರಡು. ಅಲಗು ಹರಿತ, ಮತ್ತು ಜೋರಾಗಿ ಒತ್ತಿದರೆ ಹಿಟ್ಟು ಪೂರ್ತಿ ಹೋಳಾಗಿಬಿಡುತ್ತದೆ. ಮೊದಲನೆಯದಕ್ಕೆ ಅಲಗಿಗೆ ಎಣ್ಣೆ ಸವರಿ. ಎರಡನೆಯದಕ್ಕೆ ನನ್ನ ಉಪಾಯ, ತಿಂದು ತೊಳೆದಿಟ್ಟ ಐಸ್‌ಕ್ರೀಂ ಕಡ್ಡಿಗಳು. ಹಿಟ್ಟಿನ ಎರಡು ಪಕ್ಕ ಒಂದೊಂದು ಕಡ್ಡಿ ಇಟ್ಟು ಒತ್ತಿದರೆ ಕಟ್ಟರಿನ ಅಂಚು ಕಡ್ಡಿಯ ಮೇಲೆ ಕೂತು ಅಲ್ಲಿಗೇ ನಿಲ್ಲುತ್ತದೆ. ಮಣೆಗೆ ಎರಡು ಮಿಲಿಮೀಟರ್ ಬಾಕಿ. ಅಷ್ಟೇ ಬೇಕಾದ್ದು.

ಹಿಟ್ಟು: ಹಿಂದಿನ ದಿನದ ಕೆಲಸ

ರೊಸೆಟ್ಟಾಕ್ಕೆ ಬಿಗಾ ಎಂಬ ಗಟ್ಟಿ ಹುದುಗು ಬೇಕು. 500 ಗ್ರಾಂ ಹಿಟ್ಟಿಗೆ 225 ಗ್ರಾಂ ನೀರು, 5 ಗ್ರಾಂ ಹಸಿ ಯೀಸ್ಟ್. ಒಣ ಇನ್‌ಸ್ಟಂಟ್ ಯೀಸ್ಟ್ ಆದರೆ ಇದರ ಮೂರನೇ ಒಂದು ಪಾಲು, ಅಂದರೆ ಸುಮಾರು ಅರ್ಧ ಟೀ ಚಮಚ. ನಾದಬಾರದು. ಪುಟ್ಟಿಗೆ ಹಿಟ್ಟು ಕಲಸುವ ಹಾಗೆ ಬೆರಳಲ್ಲಿ ಉದುರುದುರಾಗಿ ಬೆರೆಸಿ, ಒಣ ಹಿಟ್ಟು ಉಳಿಯದಿದ್ದರೆ ಆಯಿತು. ಮುಚ್ಚಿಟ್ಟು 16ರಿಂದ 18 ಗಂಟೆ ಬಿಡಬೇಕು, ಅದೂ 18–20 ಡಿಗ್ರಿಯಲ್ಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಅಡುಗೆಮನೆಯ ಕಟ್ಟೆಯೇ ಸಾಕು. ಉಳಿದ ಕಾಲದಲ್ಲಿ, ಉಳಿದ ಊರುಗಳಲ್ಲಿ ಯೀಸ್ಟ್ ಅರ್ಧಕ್ಕೆ ಇಳಿಸಿ, ಎರಡು ಗಂಟೆ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಿ, ಮರುದಿನ ಒಂದು ಗಂಟೆ ಮುಂಚೆ ಹೊರತೆಗೆಯಿರಿ. ಹುಳಿ ವಾಸನೆ ಮೂಗಿಗೆ ಹೊಡೆದರೆ ತಡವಾಯಿತೆಂದು ಅರ್ಥ.

ಯಾವ ಹಿಟ್ಟು? ಇಟಲಿಯವರು ಪ್ರೋಟೀನ್ ಜಾಸ್ತಿ ಇರುವ ಗಟ್ಟಿ ಹಿಟ್ಟು ಬಳಸುತ್ತಾರೆ. ನಮ್ಮ ಮಾಮೂಲಿ ಮೈದಾ ಇಷ್ಟು ಹೊತ್ತಿನ ಹುದುಗು ತಡೆಯದೆ ಸಡಿಲಾಗುತ್ತದೆ. ಪೊಟ್ಟಣದ ಹಿಂದೆ ನೋಡಿ, ನೂರಕ್ಕೆ 12 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುವ ಬ್ರೆಡ್ ಹಿಟ್ಟು ಸಿಕ್ಕರೆ ಅದು. ಇಲ್ಲವಾದರೆ ಬೇಕರಿ ಸಾಮಾನಿನ ಅಂಗಡಿಯಲ್ಲಿ ಗ್ಲುಟೆನ್ (ಗೋಧಿಯ ಪ್ರೋಟೀನ್) ಪುಡಿ ಸಿಗುತ್ತದೆ, 500 ಗ್ರಾಂ ಮೈದಾಕ್ಕೆ ಎರಡು ದೊಡ್ಡ ಚಮಚ ಬೆರೆಸಿ.

ಮರುದಿನ: ನಾದಿ, ಲಟ್ಟಿಸಿ, ಮಡಚಿ

ಬಿಗಾಕ್ಕೆ ಇನ್ನೂ 50 ಗ್ರಾಂ ಹಿಟ್ಟು, 60 ಗ್ರಾಂ ನೀರು, 10 ಗ್ರಾಂ ಉಪ್ಪು, ಇದ್ದರೆ ಒಂದು ಟೀ ಚಮಚ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯದು) ಸೇರಿಸಿ ನಾದಿ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಬರುತ್ತದೆ, ಕೈ ನೋಯುತ್ತದೆ. ನೀರು ಚಿಮುಕಿಸುವ ಆಸೆಯಾಗುತ್ತದೆ, ಬೇಡ. ಮೆತ್ತಗಿನ ಹಿಟ್ಟಿನ ಪೂರಿ ಎಣ್ಣೆ ಕುಡಿದು ಚಪ್ಪಟೆ ಕೂರುವ ಹಾಗೆಯೇ ಮೆತ್ತಗಿನ ರೊಸೆಟ್ಟಾ ಪೊಳ್ಳಾಗದೆ ಪಾವ್ ಆಗಿಬಿಡುತ್ತದೆ.

ಹದಿನೈದು ನಿಮಿಷ ಬಿಟ್ಟು ಲಟ್ಟಣಿಗೆ ಹಿಡಿಯಿರಿ. ಒಂದು ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ಮೂರು ಮಡಿಕೆ ಮಾಡಿ, ತಿರುಗಿಸಿ ಮತ್ತೆ ಲಟ್ಟಿಸಿ. ಹೀಗೆ ಐದಾರು ಸಲ. ಬೇಕರಿಗಳಲ್ಲಿ ಇದಕ್ಕೆ ಉರುಳೆ ಯಂತ್ರವಿರುತ್ತದೆ, ನಮಗೆ ತೋಳೇ ಗತಿ. ಹಿಟ್ಟಿನ ಮೈ ರೇಷ್ಮೆಯಂತೆ ನುಣುಪಾದಾಗ ನಿಲ್ಲಿಸಿ. ಈ ಹಂತವನ್ನು ಬಿಟ್ಟವರಿಗೆ ಎಷ್ಟು ದುಬಾರಿ ಅಚ್ಚು ತಂದರೂ ಪೊಳ್ಳು ದಕ್ಕುವುದಿಲ್ಲ. ಹಬೆಯನ್ನು ಹಿಡಿದಿಡುವ ಬಿಗಿ ಪದರ ಹುಟ್ಟುವುದು ಇಲ್ಲಿಯೇ.

ಕೊನೆಯ ಮಡಿಕೆಯ ಮೇಲೆ ಎಣ್ಣೆ ಸವರಿ, ಮುಚ್ಚಿ, ಮುಕ್ಕಾಲು ಗಂಟೆ ಬಿಡಿ.

ಅಚ್ಚು ಒತ್ತುವುದು

ಈಗ ಅಂಗೈಯಿಂದ ತಟ್ಟಿ ಎರಡು ಸೆಂ.ಮೀ. ದಪ್ಪ ಮಾಡಿ. ಇಟಲಿಯ ಬೇಕರಿ ಯಂತ್ರ ಹಿಟ್ಟನ್ನು ಷಟ್ಕೋನವಾಗಿ ಕತ್ತರಿಸುತ್ತದೆ, ಜೇನುಗೂಡಿನಂತೆ ಒಂದಕ್ಕೊಂದು ಅಂಟಿರುವುದರಿಂದ ಚೂರೂ ವ್ಯರ್ಥವಿಲ್ಲ. ಮನೆಯಲ್ಲಿ ಏಳೆಂಟು ಸೆಂ.ಮೀ. ಅಗಲದ ಡಬ್ಬಿಯ ಮುಚ್ಚಳದಿಂದ ಗುಂಡಗೆ ಕತ್ತರಿಸಿ, 80–90 ಗ್ರಾಂ ತೂಗುವ ಏಳೆಂಟು ಬಿಲ್ಲೆ ಬರುತ್ತವೆ. ಉಳಿದ ಚೂರುಗಳನ್ನು ಕೂಡಿಸಿ ಮಾಡಿದ ಬನ್ನು ಪೊಳ್ಳಾಗುವುದಿಲ್ಲ, ಮಕ್ಕಳಿಗೆ ಬೆಣ್ಣೆ ಸಕ್ಕರೆ ಹಚ್ಚಿ ಕೊಡಲು ಚೆನ್ನ.

ಅಚ್ಚಿಗೆ ಎಣ್ಣೆ ಸವರಿ ಬಿಲ್ಲೆಯ ನಡುವಿಗೆ ಸರಿಯಾಗಿ ಇಡಿ. ನೇರ ಕೆಳಕ್ಕೆ, ಒಂದೇ ಉಸಿರಿಗೆ, ಮಣೆ ತಾಗುವ ತನಕ ಅಲ್ಲ, ಇನ್ನೇನು ತಾಗಬೇಕು ಎನ್ನುವ ತನಕ. ತಿರುಚಬೇಡಿ. ಅಂಜಿಕೊಂಡು ಅರ್ಧ ಒತ್ತುವುದೇ ಎಲ್ಲರೂ ಮಾಡುವ ತಪ್ಪು.

ಒತ್ತಿದ ಮೇಲೆ ಮೈದಾ ಉದುರಿಸಿದ ಬಟ್ಟೆಯ ಮೇಲೆ ಬೋರಲು ಹಾಕಿ. ಹೂವಿನ ಮುಖ ಕೆಳಗೆ. ಮುಖ ಮೇಲಿದ್ದರೆ ಗೆರೆಗಳು ಉಬ್ಬುತ್ತಾ ಅಗಲವಾಗಿ, ಒಣಗಿ, ಕೊನೆಗೆ ಮಾಸಿಹೋಗುತ್ತವೆ. ಮೇಲೊಂದು ಬಟ್ಟೆ ಹೊದೆಸಿ ಅರ್ಧದಿಂದ ಮುಕ್ಕಾಲು ಗಂಟೆ ಕಾಯಿರಿ.

ಒಲೆ

ಇದು ಕೆಂಡದಂಥ ಶಾಖ ಕೇಳುವ ಬನ್ನು. ಓಟಿಜಿಯನ್ನು, ಅಂದರೆ ಕಟ್ಟೆಯ ಮೇಲಿಡುವ ಕರೆಂಟ್ ಒಲೆಯನ್ನು, ಅದರ ಗರಿಷ್ಠಕ್ಕೆ, 230 ಅಥವಾ 250 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಕಾಯಿಸಿ. ಒಳಗೆ ಹಿಡಿ ಇಲ್ಲದ ಕಬ್ಬಿಣದ ಕಾವಲಿಯೊಂದನ್ನು ಇಟ್ಟು ಕಾಯಿಸಿದರೆ ತಳದಿಂದ ಏಟು ಬಿದ್ದು ಬನ್ನು ಜಿಗಿಯುತ್ತದೆ. ಎಷ್ಟೋ ಮೈಕ್ರೋವೇವ್ ಕನ್ವೆಕ್ಷನ್ ಒಲೆಗಳು 200–220ಕ್ಕೇ ನಿಲ್ಲುತ್ತವೆ. ಅವುಗಳಲ್ಲಿ ಹೂವು ಬರುತ್ತದೆ, ಪೊಳ್ಳು ಬರುವುದು ಕಷ್ಟ.

ಹಬೆಗೆ ಒಂದು ಗಟ್ಟಿ ಸ್ಟೀಲ್ ಬಟ್ಟಲಿನಲ್ಲಿ ಕುದಿಯುವ ನೀರನ್ನು ಹತ್ತು ನಿಮಿಷ ಮೊದಲೇ ಒಳಗಿಡಿ. ಕಾದ ಗಾಜಿನ ಬಾಗಿಲಿಗೆ ತಣ್ಣೀರು ಚಿಮ್ಮಿಸಿದರೆ ಗಾಜು ಬಿರಿಯುತ್ತದೆ, ಆ ಸಾಹಸ ಬೇಡ. ಬಿಲ್ಲೆಗಳನ್ನು ಮುಖ ಮೇಲೆ ಮಾಡಿ ಕಾವಲಿಗೆ ಜಾರಿಸಿ. ಮೊದಲ ಎಂಟು ನಿಮಿಷ ಬಾಗಿಲು ಮುಟ್ಟಬಾರದು. ಒಳಗಿನ ತೇವ ಹಬೆಯಾಗಿ ಹಿಟ್ಟನ್ನು ಗೋಡೆಗೆ ತಳ್ಳುವುದು, ಹೊರಪದರ ಗಟ್ಟಿಯಾಗುವ ಮುಂಚಿನ ಈ ಎಂಟೇ ನಿಮಿಷದಲ್ಲಿ. ಆಮೇಲೆ ನೀರಿನ ಬಟ್ಟಲು ತೆಗೆದು, ಉರಿಯನ್ನು 210ಕ್ಕೆ ಇಳಿಸಿ, ಇನ್ನೂ ಹನ್ನೆರಡು ನಿಮಿಷ ಒಣಗಿಸಿ. ತಳಕ್ಕೆ ಬೆರಳು ಬಡಿದರೆ ಖಾಲಿ ಡಬ್ಬದ ಸದ್ದು ಬರಬೇಕು.

ಮಾಡಿದ ದಿನವೇ ತಿನ್ನಬೇಕು, ಸಂಜೆಯ ಹೊತ್ತಿಗೆ ಚರ್ಮದಂತೆ ಜಗ್ಗುತ್ತದೆ. ಉಳಿದದ್ದನ್ನು ಒಣಗಿಸಿ ಪುಡಿ ಮಾಡಿ ಮಿಲಾನ್‌ನವರು ತಮ್ಮ ಕೊತೊಲೆತ್ತಾಕ್ಕೆ, ಅಂದರೆ ಮಾಂಸದ ಕಟ್ಲೆಟ್‌ಗೆ, ಹೊದಿಕೆ ಮಾಡಿಕೊಳ್ಳುತ್ತಾರೆ. ನನ್ನ ಮೊದಲ ಮೂರು ಬಾರಿಯ ರೊಸೆಟ್ಟಾಗಳು ಪೊಳ್ಳೂ ಆಗದೆ ಹೂವೂ ಆಗದೆ ಆ ದಾರಿಯನ್ನೇ ಹಿಡಿದವು. ಆ ತಿಂಗಳು ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ತರಕಾರಿ ಕಟ್ಲೆಟ್.