ಹಳೆಯ ಪೋಲೋ ಜಿಟಿ: ವರ್ಷಕ್ಕಿಂತ ಮೊದಲು ಗೇರ್‌ಬಾಕ್ಸ್ ನೋಡಿ

ಫೋಕ್ಸ್‌ವ್ಯಾಗನ್‌ನ ಪೋಲೋ ಕಾರು ನಮ್ಮ ದೇಶದಲ್ಲಿ ಹೊಸದಾಗಿ ಸಿಗುವುದು 2022ಕ್ಕೆ ನಿಂತಿತು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಜಿಟಿ ಎಂದರೆ ಅದರ ಹೆಚ್ಚು ಶಕ್ತಿಯ ಮಾದರಿ. ಹೊರಗಿಂದ ನೋಡಿದರೆ 2013ರ ಜಿಟಿಗೂ 2021ರ ಜಿಟಿಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ, ಬಾನೆಟ್ ಎತ್ತಿದರೆ ಎರಡೂ ಬೇರೆ ಬೇರೆ ಗಾಡಿ. ಮಾರುವವರು ವರ್ಷ ಮತ್ತು ಕಿಲೋಮೀಟರ್ ಹೇಳಿ ಬೆಲೆ ಕಟ್ಟುತ್ತಾರೆ. ಹಾಸನ, ಚಿಕ್ಕಮಗಳೂರಿನ ಕಡೆ ಓಡಿಸುವವರು ಹಾಗೆ ಕಟ್ಟಬಾರದು. ಇಲ್ಲಿ ಬೆಲೆ ನಿರ್ಧರಿಸುವುದು ಗೇರ್‌ಬಾಕ್ಸ್. ನಾನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಾವುದು ಯಾವುದೆಂದು ಗುರುತಿಸಿಕೊಳ್ಳಿ. 2013ರ ಏಪ್ರಿಲ್‌ನಲ್ಲಿ ಬಂದ ಜಿಟಿ ಟಿಎಸ್‌ಐನಲ್ಲಿ 1.2 ಲೀಟರ್, ನಾಲ್ಕು ಸಿಲಿಂಡರ್‌ನ ಟರ್ಬೊ ಪೆಟ್ರೋಲ್ ಎಂಜಿನ್: 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ಎಳೆತ). ಜೊತೆಗೆ ಏಳು ಗೇರಿನ, ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದೇ ವರ್ಷ ಡೀಸೆಲ್ ಜಿಟಿ ಟಿಡಿಐ ಕೂಡ ಬಂತು, ಮೊದಲು 1.6 ಲೀಟರ್, 2014ರ ನಂತರ 1.5 ಲೀಟರ್. 2020ರಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದಾಗ ಡೀಸೆಲ್ ಹೋಯಿತು, 1.2ರ ಜಾಗಕ್ಕೆ ಮೂರು ಸಿಲಿಂಡರ್‌ನ 1.0 ಟಿಎಸ್‌ಐ ಬಂತು. ಅದು 110 ಪಿಎಸ್, ಟಾರ್ಕ್ ಅದೇ 175 ಎನ್‌ಎಂ. ಆಟೊಮ್ಯಾಟಿಕ್‌ನಲ್ಲಿ ಡಿಎಸ್‌ಜಿ ತೆಗೆದು ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಳೆತ ಸಾಗಿಸುವ ಆರು ಗೇರಿನ ಟಾರ್ಕ್ ಕನ್ವರ್ಟರ್ ಕೊಟ್ಟರು. ಆರು ಗೇರಿನ ಮ್ಯಾನ್ಯುಯಲ್ ಕೂಡ ಇದೆ, ಆದರೆ ಅದಕ್ಕೆ ಜಿಟಿ ಹೆಸರಿಲ್ಲ. ಹೈಲೈನ್ ಪ್ಲಸ್‌ನಂಥ ಸಾದಾ ಬ್ಯಾಡ್ಜ್‌ನಲ್ಲಿ ಹುಡುಕಬೇಕು. ನನ್ನ ಮಟ್ಟಿಗೆ ಮಲೆನಾಡಿಗೆ ಇಟ್ಟುಕೊಳ್ಳಬೇಕಾದದ್ದು ಆ ಹೆಸರಿಲ್ಲದ ಗಾಡಿಯೇ.

ಟರ್ಬೊ ಯಾಕೆ ಬೇಕು ಎನ್ನುವವರಿಗೆ ಒಂದು ಲೆಕ್ಕ. ನಮ್ಮೂರುಗಳು ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟಕ್ಕಿಂತ ಇಲ್ಲಿ ಗಾಳಿಯ ಒತ್ತಡ ಹತ್ತಿರಹತ್ತಿರ 11 ಶೇಕಡ ಕಡಿಮೆ. 1,930 ಮೀಟರಿನ ಮುಳ್ಳಯ್ಯನಗಿರಿ ಕಡೆ ಹತ್ತಿದರೆ ಐದನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ, ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕವಾಟ ಇನ್ನಷ್ಟು ಮುಚ್ಚಿಕೊಂಡು ಆ ಕೊರತೆಯ ಬಹುಪಾಲನ್ನು ತುಂಬಿಕೊಡುತ್ತದೆ. ಅದಕ್ಕೇ ನಾಲ್ಕು ಜನ ಕೂತು ಹತ್ತುವಾಗ ಬ್ರೋಶರ್‌ನ ಅಂಕಿಗಿಂತ ದೊಡ್ಡ ವ್ಯತ್ಯಾಸ ಅನುಭವಕ್ಕೆ ಬರುತ್ತದೆ.

ಇನ್ನು ಡಿಎಸ್‌ಜಿ. 1.2 ಜಿಟಿಯಲ್ಲಿರುವುದು ಡಿಕ್ಯೂ200, ಎರಡು ಒಣ ಕ್ಲಚ್‌ಗಳ ಗೇರ್‌ಬಾಕ್ಸ್. ಕೆ1 ಎಂಬ ಕ್ಲಚ್ 1, 3, 5, 7ನೇ ಗೇರು ಹಿಡಿಯುತ್ತದೆ. ಕೆ2 ಹಿಡಿಯುವುದು 2, 4, 6 ಮತ್ತು ರಿವರ್ಸ್. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುವುದರಿಂದ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಚಾರ್ಮಾಡಿಯಲ್ಲಿ ರಸ್ತೆ ಖಾಲಿಯಿದ್ದಾಗ ಇದರಷ್ಟು ಸೊಗಸಾಗಿ ಓಡುವ ಪೋಲೋ ಇನ್ನೊಂದಿಲ್ಲ, ಅದನ್ನು ಒಪ್ಪಲೇಬೇಕು. ತೊಂದರೆ ಇರುವುದು ತೆವಳುವಾಗ. ಒಣ ಕ್ಲಚ್ಚಿನ ಬಿಸಿಯನ್ನು ಹೊತ್ತೊಯ್ಯಲು ಎಣ್ಣೆ ಇಲ್ಲ, ಗಾಳಿಯೊಂದೇ ಗತಿ. ಭಾನುವಾರ ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಸೀತಾಳಯ್ಯನಗಿರಿವರೆಗೆ ಸಾಲುಗಟ್ಟಿ ಹತ್ತುವ ಗಾಡಿಗಳ ಮಧ್ಯೆ ಸಿಕ್ಕಿಕೊಂಡರೆ ಒಂದನೇ ಗೇರು ಪೂರ್ತಿ ಹಿಡಿಯುವ ವೇಗವೇ ಬರುವುದಿಲ್ಲ. ಕೆ1 ಅಷ್ಟು ಹೊತ್ತೂ ಜಾರುತ್ತಲೇ ಇರುತ್ತದೆ. ಕ್ಲಚ್ ಸವೆಯುವುದು ಜೋರಾಗಿ ಓಡಿಸಿದ್ದರಿಂದಲ್ಲ, ಹೀಗೆ ಜಾರಿದ್ದರಿಂದ. ಈ ಗೇರ್‌ಬಾಕ್ಸ್‌ನ ಮಿತಿ 250 ಎನ್‌ಎಂ, ಎಂಜಿನ್ ಕೊಡುವುದು 175. ಆದ್ದರಿಂದ ಹಿಂದಿನ ಮಾಲೀಕ ರಭಸದಿಂದ ಓಡಿಸುತ್ತಿದ್ದನೇ ಎಂದು ಕೇಳುವುದಕ್ಕಿಂತ ಗಾಡಿ ದಿನಾ ಎಲ್ಲಿ ಓಡಿತ್ತು ಎಂದು ಕೇಳಿ. ಹೆದ್ದಾರಿಯಲ್ಲಿ ಹಾಸನ–ಬೆಂಗಳೂರು ಓಡಿದ 90,000 ಕಿ.ಮೀ. ಗಾಡಿ, ಬೆಂಗಳೂರಿನ ಸಿಗ್ನಲ್‌ಗಳಲ್ಲೇ ಕಳೆದ 40,000 ಕಿ.ಮೀ. ಗಾಡಿಗಿಂತ ಎಷ್ಟೋ ವಾಸಿ.

ಪರೀಕ್ಷೆಗೆ ಬೆಳಿಗ್ಗೆ ಹೋಗಬೇಕು, ಎಂಜಿನ್ ತಣ್ಣಗಿರಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಡ್ರೈವರ್ ಕಡೆಯ ಬಾಗಿಲು ತೆಗೆದಾಗ ಗೇರ್‌ಬಾಕ್ಸ್ ಕಡೆಯಿಂದ ಸಣ್ಣ ಗುಂಯ್ ಶಬ್ದ ಬರುತ್ತದೆ. ಅದು ಮೆಕಾಟ್ರಾನಿಕ್ (ಕ್ಲಚ್, ಗೇರುಗಳನ್ನು ತಾನೇ ನಡೆಸುವ ಘಟಕ) ಒಳಗಿನ ಎಣ್ಣೆ ಪಂಪು ಒತ್ತಡ ತುಂಬಿಕೊಳ್ಳುವ ಸದ್ದು, ಬರಬೇಕಾದದ್ದೇ. ಆದರೆ ಗಾಡಿ ನಿಂತಿರುವಾಗ ಕೆಲವೇ ಸೆಕೆಂಡಿಗೊಮ್ಮೆ ಪಂಪು ಮತ್ತೆ ಮತ್ತೆ ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ ಎಂದರ್ಥ. ಆ ಒತ್ತಡವನ್ನು ಕೂಡಿಡುವ ಅಕ್ಯುಮುಲೇಟರ್ ಕೂತಿರುವ ಭಾಗದಲ್ಲಿ ಲೋಹ ಬಿರುಕು ಬಿಡುವುದು ಇದರ ಹೆಸರಾಂತ ಕಾಯಿಲೆ. ಸ್ಕ್ಯಾನರ್ ಹಾಕಿದರೆ ಪಿ17ಬಿಎಫ್ ಎಂಬ ಕೋಡ್ ಕಾಣುತ್ತದೆ. ಅದು ಕಂಡರೆ ಬೆಲೆಯಲ್ಲಿ ಪೂರಾ ಮೆಕಾಟ್ರಾನಿಕ್ ಕೆಲಸದ ಖರ್ಚು ಕಳೆಯಬೇಕು, ಅದಕ್ಕೊಪ್ಪದಿದ್ದರೆ ಬಿಟ್ಟುಬನ್ನಿ. ಕೋಡ್ ಅಳಿಸಿ ತೋರಿಸುವವರೂ ಇರುತ್ತಾರೆ. ಹಾಗಾಗಿ ನಾನು ಓಡಿಸುವ ಮುಂಚೆ ಒಮ್ಮೆ, 25 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತೇನೆ.

ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಒಂದು ಏರಿನಲ್ಲಿ ನಿಲ್ಲಿಸಿ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಐದು ಸಲ ಹೊರಡಿ. ಒಂದನೇ ಗೇರಿನಲ್ಲಿ ಗಡಗಡ ಎಂದು ಮೈ ನಡುಗಿದರೆ ಕೆ1 ಸವೆದಿದೆ. ಆಮೇಲೆ ತಿರುಗಿಸಿ, ಅದೇ ಏರನ್ನು ರಿವರ್ಸ್‌ನಲ್ಲಿ ಹತ್ತಿ. ಅಲ್ಲಿ ನಡುಗಿದರೆ ಕೆ2. ರಿವರ್ಸ್ ಪರೀಕ್ಷೆಯನ್ನು ಮಾಡುವವರು ಬಹಳ ಕಡಿಮೆ. ಒಂದರಿಂದ ಎರಡಕ್ಕೆ ಹೋಗುವಾಗ ಒದ್ದಂತಾದರೆ ಒಮ್ಮೊಮ್ಮೆ ಸ್ಕ್ಯಾನರ್‌ನಿಂದ ಬೇಸಿಕ್ ಸೆಟ್ಟಿಂಗ್ (ಕ್ಲಚ್ ಹಿಡಿಯುವ ಅಳತೆಯನ್ನು ಗೇರ್‌ಬಾಕ್ಸ್‌ಗೆ ಮತ್ತೆ ಕಲಿಸುವುದು) ಮಾಡಿದರೇ ಸರಿಹೋಗುತ್ತದೆ. ನಡುಕಕ್ಕೆ ಮಾತ್ರ ಅದು ಮದ್ದಲ್ಲ.

ಕೊಂಡ ಮೇಲೆ ಬಳಕೆಯ ಪಾಠ ಚಿಕ್ಕದು. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್‌ನಿಂದ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ. ಬ್ರೇಕ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ, ನ್ಯೂಟ್ರಲ್‌ಗೆ ಹಾಕುವ ಅಗತ್ಯವೂ ಇಲ್ಲ. ಸಾಲಿನಲ್ಲಿ ಇಂಚಿಂಚು ಸರಿಯದೆ, ಮುಂದಿನ ಗಾಡಿ ಹತ್ತು ಮೀಟರ್ ಹೋಗಲಿ ಬಿಡಿ, ಆಮೇಲೆ ಒಂದೇ ಸಲ ಹೊರಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಇಳಿಜಾರಿನಲ್ಲಿ ಮ್ಯಾನ್ಯುಯಲ್ ಮೋಡ್‌ನಲ್ಲಿ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಎಲ್ಲ ಜಿಟಿಗಳಿಗೂ ಹಿಂದೆ ಡ್ರಮ್ ಬ್ರೇಕ್, ಶಿರಾಡಿ ಪೂರ್ತಿ ಬ್ರೇಕಿನ ಮೇಲೇ ಇಳಿದರೆ ಪೆಡಲ್ ಮೆತ್ತಗಾಗುತ್ತದೆ. ಗಾಡಿ ಕೆಟ್ಟು ನಿಂತರೆ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಹಗ್ಗ ಕಟ್ಟಿ ದೂರ ಎಳೆಸಿದರೆ ಗೇರ್‌ಬಾಕ್ಸ್‌ನ ಒಳಭಾಗವೂ ಹಾಳಾಗುತ್ತದೆ.

1.2 ಎಂಜಿನ್‌ನ ಬಗ್ಗೆ ಎರಡು ಮಾತು. ಕೋಡ್ ಸ್ಟಿಕ್ಕರ್ ನೋಡಿ: ಸಿಬಿಝಡ್ ಎಂದು ಶುರುವಾದರೆ ಟೈಮಿಂಗ್ ಚೈನ್, ಸಿಜೆಝಡ್ ಎಂದಿದ್ದರೆ ಬೆಲ್ಟ್. ಚೈನ್ ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎರಡು–ಮೂರು ಸೆಕೆಂಡು ಕರಕರ ಎನ್ನುತ್ತಿದ್ದರೆ ಚೈನ್ ಉದ್ದವಾಗಿದೆ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಶನರ್ ಸೋತಿದೆ. ಬೆಳಿಗ್ಗೆಯೇ ಹೋಗಿ ಅಂದದ್ದು ಇದಕ್ಕೂ ಸೇರಿ. ಎರಡನೆಯದು ಕಾರ್ಬನ್. ಇಲ್ಲಿ ಪೆಟ್ರೋಲು ನೇರ ಸಿಲಿಂಡರಿಗೆ ಚಿಮ್ಮುತ್ತದೆ, ಇನ್‌ಟೇಕ್ ವಾಲ್ವ್‌ನ ಬೆನ್ನನ್ನು ತೊಳೆಯುವವರಿಲ್ಲ. ಎಣ್ಣೆಯ ಆವಿ ಅಲ್ಲಿ ಕೂತು ಸುಟ್ಟು ಗಟ್ಟಿಯಾಗುತ್ತದೆ. ತಣ್ಣಗಿದ್ದಾಗ ಐಡಲ್ ತಡವರಿಸುವುದು ಇದರ ಮೊದಲ ಲಕ್ಷಣ. ಟ್ಯಾಂಕಿಗೆ ಸುರಿಯುವ ಕ್ಲೀನರ್ ವಾಲ್ವಿನ ಬೆನ್ನಿಗೆ ತಲುಪುವುದೇ ಇಲ್ಲ, ಆ ದುಡ್ಡು ದಂಡ. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿ ಊದಿ ತೆಗೆಸಬೇಕು. ಏರಿನಲ್ಲಿ ಎಂಜಿನ್ ಜರ್ಕ್ ಹೊಡೆದು ಡ್ಯಾಶ್‌ಬೋರ್ಡ್‌ನಲ್ಲಿ ಇಪಿಸಿ (ಎಂಜಿನ್ ದೋಷದ) ದೀಪ ಹತ್ತಿದರೆ ಗಾಬರಿ ಬೇಡ, ಬಹಳ ಸಲ ಒಂದು ಇಗ್ನಿಷನ್ ಕಾಯಿಲ್ ಹೋಗಿರುತ್ತದೆ. ಡಿಕ್ಕಿಯಲ್ಲಿ ಒಂದು ಕಾಯಿಲ್ ಇಟ್ಟುಕೊಳ್ಳಿ, ದಾರಿಯಲ್ಲೇ ಬದಲಿಸಬಹುದು. ಎಂಜಿನ್ ಆಯಿಲ್ ಫೋಕ್ಸ್‌ವ್ಯಾಗನ್‌ನ 502.00 ದರ್ಜೆಯದ್ದೇ ಆಗಿರಲಿ, ಅಂದಾಜು ನಾಲ್ಕು ಲೀಟರ್ ಬೇಕು. ಕಂಪನಿ 15,000 ಕಿ.ಮೀ. ಎನ್ನುತ್ತದೆ. ಘಾಟಿಯಲ್ಲೇ ಓಡುವ ಗಾಡಿಗೆ ನಾನು 7,500ಕ್ಕೇ ಬದಲಿಸುತ್ತೇನೆ.

1.0 ಗಾಡಿಯ ಸದ್ದು ಒರಟು, ಐಡಲ್‌ನಲ್ಲಿ ಸಣ್ಣ ಅದುರು ಇದ್ದೇ ಇರುತ್ತದೆ. ಆದರೆ ಟಾರ್ಕ್ ಕನ್ವರ್ಟರ್ ಜಾರುವುದು ಎಣ್ಣೆಯೊಳಗೆ. ಬಿಸಿ ಎಣ್ಣೆಯ ಜೊತೆ ಕೂಲರ್‌ಗೆ ಹೋಗುತ್ತದೆ. ಕೈಮರದ ಸಾಲು ಅದಕ್ಕೆ ಲೆಕ್ಕಕ್ಕಿಲ್ಲ. ಗೇರ್ ಬದಲಾವಣೆ ಡಿಎಸ್‌ಜಿಯಷ್ಟು ಚುರುಕಲ್ಲ, ಹೇರ್‌ಪಿನ್ನಿಗೆ ಮೊದಲೇ ಕೈಯಿಂದ ಎರಡಕ್ಕೆ ಇಳಿಸಿಕೊಳ್ಳಬೇಕು. ಈ ಗೇರ್‌ಬಾಕ್ಸ್‌ನ ಆಯಿಲ್ ಜೀವಮಾನಕ್ಕೆ ಸಾಕು ಎಂಬ ಮಾತನ್ನು ನಂಬಬೇಡಿ, 60,000 ಕಿ.ಮೀ.ಗೆ ಬದಲಿಸಿ. ಲೆವೆಲ್ ನೋಡುವಾಗ ಎಂಜಿನ್ ಓಡುತ್ತಿರಬೇಕು, ಆಯಿಲ್ 35ರಿಂದ 45 ಡಿಗ್ರಿ ಇರಬೇಕು. ತಣ್ಣಗಿದ್ದಾಗ ತುಂಬಿದರೆ ಅಳತೆ ತಪ್ಪುತ್ತದೆ. 1.0ರಲ್ಲಿ ನಿಜವಾಗಿ ನೋಡಬೇಕಾದದ್ದು ವಾಟರ್ ಪಂಪ್. ಥರ್ಮೋಸ್ಟಾಟ್ ಜೊತೆ ಒಂದೇ ತುಂಡಾಗಿ ಗೇರ್‌ಬಾಕ್ಸ್ ತುದಿಯಲ್ಲಿ ಕೂತಿರುತ್ತದೆ. ಟಾರ್ಚ್ ಹಾಕಿ ನೋಡಿ, ಒಣಗಿದ ಗುಲಾಬಿ ಬಣ್ಣದ ಪುಡಿ ಕಂಡರೆ ಕೂಲೆಂಟ್ ಸೋರುತ್ತಿದೆ.

ಡೀಸೆಲ್ ಜಿಟಿಗೆ 250 ಎನ್‌ಎಂ ಎಳೆತ, ಐದು ಗೇರಿನ ಮ್ಯಾನ್ಯುಯಲ್. ಟರ್ಬೊ ಎಚ್ಚರವಾಗುವ ಮುಂಚೆ ಹೇರ್‌ಪಿನ್‌ನಲ್ಲಿ ಉಸಿರು ಕಟ್ಟುತ್ತದೆ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ. 2016ರಲ್ಲಿ ಆಮದಾದ ಮೂರು ಬಾಗಿಲಿನ 1.8 ಲೀಟರ್, 192 ಪಿಎಸ್‌ನ ಜಿಟಿಐ ಸಂಗ್ರಹಕಾರರ ಗಾಡಿ, ದಿನಬಳಕೆಯ ಹೋಲಿಕೆಗೆ ಅದು ಬೇಡ.

ಟೈರಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ, 16 ಇಂಚಿನ ರಿಮ್ ನಮ್ಮ ರಸ್ತೆಗೆ ಆಗುವುದಿಲ್ಲ ಅಂತ. ಲೆಕ್ಕ ಮಾಡಿ. 185/60 ಆರ್15ರ ಪಕ್ಕಗೋಡೆ 111 ಮಿ.ಮೀ., 195/55 ಆರ್16ರದು 107. ಬರೀ ನಾಲ್ಕು ಮಿ.ಮೀ. ಕಡಿಮೆ. ಚಕ್ರದ ಒಟ್ಟು ವ್ಯಾಸ 18 ಮಿ.ಮೀ. ಹೆಚ್ಚುವುದರಿಂದ ಗಾಡಿ 9 ಮಿ.ಮೀ. ಎತ್ತರವಾಗುತ್ತದೆ. 15 ಇಂಚಿನ ರಿಮ್ ಇರುವವರು 195/60 ಆರ್15 ಹಾಕಿಕೊಳ್ಳಲಿ. ಪಕ್ಕಗೋಡೆ 117 ಆಗುತ್ತದೆ, ಎತ್ತರ 6 ಮಿ.ಮೀ. ಏರುತ್ತದೆ. ತೋಟದ ಕಲ್ಲುರಸ್ತೆಗೆ ಇದೇ ಸರಿ. ಕೆಳಗೆ ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್, ಲಿಂಕ್ ರಾಡ್ ಮೂರನ್ನೂ ನೋಡಿ. ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ಟಣ್ ಎಂದರೆ ಮೌಂಟ್ ಹೋಗಿದೆ.

ಮಳೆಗಾಲಕ್ಕೆ ಮೊದಲು ವೈಪರ್ ಕೆಳಗಿನ ಕವರ್ ಎತ್ತಿ ಕಸ ತೆಗೆಯಿರಿ. ಸಿಲ್ವರ್ ಓಕ್ ಎಲೆ ಬಿದ್ದು ಅಲ್ಲಿನ ನೀರಿನ ತೂತು ಕಟ್ಟಿದರೆ ನೀರು ಕ್ಯಾಬಿನ್ ಒಳಗೆ ಇಳಿಯುತ್ತದೆ. ಕೊಳ್ಳುವಾಗ ಕಾಲಡಿಯ ಕಾರ್ಪೆಟ್ ಎತ್ತಿ ಒತ್ತಿ ನೋಡಿ, ಒದ್ದೆ ಸ್ಪಾಂಜ್ ವಾಸನೆ ಬಂದರೆ ವೈರಿಂಗ್ ಕನೆಕ್ಟರ್‌ಗಳೂ ನೆನೆದಿರುತ್ತವೆ.

ಕೊನೆಗೆ ಬೆಲೆ. ಡಿಎಸ್‌ಜಿ ಗಾಡಿಗೆ ಕ್ಲಚ್ ಮತ್ತು ಮೆಕಾಟ್ರಾನಿಕ್ ಬದಲಿಸಿದ ಬಿಲ್ ಇದ್ದರೆ ಕೇಳಿದ ಬೆಲೆ ಕೊಡಬಹುದು. ಇಲ್ಲದಿದ್ದರೆ ಎರಡಕ್ಕೂ ಕೊಟೇಶನ್ ತರಿಸಿ, ಅದರ ಅರ್ಧದಷ್ಟಾದರೂ ಕಳೆದು ಮಾತಾಡಿ. 1.0 ಮ್ಯಾನ್ಯುಯಲ್‌ಗೆ ಇಂಥ ಕಳೆಯುವ ಲೆಕ್ಕ ಚಿಕ್ಕದು. ಮೊದಲು ಹೆಚ್ಚು ಕೊಟ್ಟಂತೆ ಕಂಡರೂ ಐದು ವರ್ಷ ಇಟ್ಟುಕೊಳ್ಳುವವರಿಗೆ ಅದೇ ಅಗ್ಗ. ಆರ್‌ಸಿ ದಿನಾಂಕವನ್ನೂ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಅಂದರೆ 2013ರ ಜಿಟಿ 2028ರಲ್ಲಿ ಎಫ್‌ಸಿ ಮಾಡಿಸಿ ನವೀಕರಿಸಬೇಕು. ಆ ಖರ್ಚನ್ನೂ, ಓಡಾಟವನ್ನೂ ಮಾತುಕತೆಯಲ್ಲೇ ಸೇರಿಸಿಕೊಳ್ಳಿ.