ಖಾರದ ಬಾಡೂಟಕ್ಕೆ ಯಾವ ವೈನ್?

ಹೊಸತೊಡಕಿಗೆ ವೈನ್ ತರುವವರಿಗೆ ಒಂದು ಮಾತು. ನಾಟಿಕೋಳಿ ಸಾರು, ಮುದ್ದೆ ಜೊತೆ ಒಗರು ಜಾಸ್ತಿ ಇರುವ ಕೆಂಪು ವೈನ್ ಬೇಡ. ಅದರ ಟ್ಯಾನಿನ್ (ಒಗರು ಕೊಡುವ ಅಂಶ), ಆಲ್ಕೋಹಾಲ್ ಸೇರಿ ಮೆಣಸಿನಕಾಯಿ ಉರಿಯನ್ನು ಇನ್ನೂ ಏರಿಸುತ್ತವೆ. ಕಳೆದ ಸಲ ನಮ್ಮ ಭಾವ ಎರಡೇ ಗುಟುಕಿಗೆ ಬೆವರು ಒರೆಸಿಕೊಂಡು ಲೋಟ ಪಕ್ಕಕ್ಕಿಟ್ಟರು, ಪಾಪ.

ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ತನ್ನಿ. ಲೋಟದ ಮೇಲೆ ಹನಿ ಮೂಡುವಷ್ಟು ತಣ್ಣಗಿರಲಿ. ಸಿಹಿ ಖಾರವನ್ನು ತಗ್ಗಿಸುತ್ತದೆ, ಹುಳಿ ನಾಲಿಗೆಯ ಜಿಡ್ಡು ಕಳೆಯುತ್ತದೆ.

ಕೆಂಪೇ ಬೇಕಾ? ಬನ್ನೂರು ಕುರಿಮಾಂಸದ ಚಾಪ್ಸ್ ಮಾಡಿ, ಖಾರ ಕಡಿಮೆ ಹಾಕಿ. ಮಾಂಸ, ಕೊಬ್ಬಿನ ಜೊತೆ ಒಗರು ಮೆತ್ತಗಾಗುತ್ತದೆ. ಮಂಡ್ಯದ ಬೇಸಿಗೆ ಅಲ್ವಾ, ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 16ರಿಂದ 18 ಡಿಗ್ರಿಯಲ್ಲೇ ಅದು ಚೆನ್ನ.