‘ಡ್ಯಾಮ್ ಅಂದ್ರೆ ಅಣೆಕಟ್ಟು ಅಲ್ವಾ ಮೇಡಂ?’: ಒಂದು ಪ್ರಬಂಧ ತಿದ್ದಿದ ಅನುಭವ

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ಮಕ್ಕಳಿಗೆ ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್‌ನ ‘ಎ ಮಾಡೆಸ್ಟ್ ಪ್ರಪೋಸಲ್’ ಓದಿಸಿ, ಅದರ ಮೇಲೆ ನಾಲ್ಕು ಪುಟ ಬರೆಸುತ್ತೇನೆ. ಅದು 1729ರಲ್ಲಿ ಡಬ್ಲಿನ್‌ನಲ್ಲಿ ಅಚ್ಚಾದ ಸಣ್ಣ ಪುಸ್ತಿಕೆ. ಐರ್ಲೆಂಡಿನಲ್ಲಿ ಎರಡು ಮೂರು ವರ್ಷದಿಂದ ಬೆಳೆ ಕೈಕೊಟ್ಟಿತ್ತು. ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರು. ಎಷ್ಟೋ ಜಮೀನ್ದಾರರು ಇಂಗ್ಲೆಂಡಿನಲ್ಲಿ ಕೂತು ಗೇಣಿ ತರಿಸಿಕೊಳ್ಳುತ್ತಿದ್ದರು. ಪುಸ್ತಿಕೆಯಲ್ಲಿ ಮಾತಾಡುವವನು ಇದಕ್ಕೊಂದು ದಾರಿ ಹೇಳುತ್ತಾನೆ: ಬಡವರ ಕೂಸುಗಳನ್ನು ಒಂದು ವರ್ಷ ಸಾಕಿ, ಉಳ್ಳವರ ಊಟಕ್ಕೆ ಮಾರಿಬಿಡಿ. ದನಿ ಏರಿಸುವುದಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಾನೆ.

ಒಬ್ಬ ಹುಡುಗಿ ಬರೆದ ಪ್ರಬಂಧ ಹೀಗೆ ಶುರುವಾಗಿತ್ತು: ‘ಬಡವರ ಮಕ್ಕಳನ್ನು ತಿನ್ನಬೇಕು ಎಂದು ಸ್ವಿಫ್ಟ್ ಹೇಳುತ್ತಾನೆ.’ ಮುಂದಿನ ಮೂರು ಪುಟ ಸ್ವಿಫ್ಟ್‌ನ ಮೇಲೆ ಸಿಟ್ಟು. ಅವನಿಗೆ ಕರುಣೆ ಇಲ್ಲ, ಬಡವರನ್ನು ಕಂಡರೆ ಆಗದು, ತಲೆ ಕೆಟ್ಟಿತ್ತು. ಕೊನೆಯ ಪ್ಯಾರಾದಲ್ಲಿ ಮಾತ್ರ, ‘ಇದು ಒಂದು ಒಳ್ಳೆಯ ವಿಡಂಬನೆ.’ ಆ ಸಾಲು ಗೈಡಿನದು ಅಂತ ಗೊತ್ತಾಗುತ್ತಿತ್ತು. ಆದರೆ ಮೂರು ಪುಟದ ಸಿಟ್ಟು ಅವಳದೇ. ನನಗೆ ಬೆಲೆಯುಳ್ಳದ್ದು ಅನ್ನಿಸಿದ್ದು ಆ ಸಿಟ್ಟು. ಅದು ತಪ್ಪು ಮನುಷ್ಯನ ಮೇಲೆ ತಿರುಗಿತ್ತು, ಅಷ್ಟೆ.

ಮೊದಲ ಸಲ ನಾನು ತಿದ್ದಿದ್ದು ಸರಿಯಿರಲಿಲ್ಲ. ಒಂಬತ್ತು ಕಡೆ ಅಂಚಿನಲ್ಲಿ ‘ಇದು ವ್ಯಂಗ್ಯ’ ಎಂದು ಬರೆದು ಕೊಟ್ಟೆ. ವಾರ ಬಿಟ್ಟು ಎರಡನೇ ಪ್ರತಿ ಬಂತು. ಒಂಬತ್ತು ಕಡೆಯೂ ಉದ್ಧರಣೆಯ ಪಕ್ಕ ‘ಇದು ವ್ಯಂಗ್ಯ’ ಎಂದು ಸೇರಿಸಿದ್ದಳು. ಉಳಿದದ್ದು ಹಾಗೇ ಇತ್ತು. ತಪ್ಪು ಅವಳದಲ್ಲ. ನಾನು ಅವಳಿಗೆ ಒಂದು ಪದ ಕೊಟ್ಟಿದ್ದೆ, ನೋಡುವ ದಾರಿ ಕೊಟ್ಟಿರಲಿಲ್ಲ.

ಸಂಜೆ ಸ್ಟಾಫ್ ರೂಮಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಪ್ರಬಂಧ ಬದಿಗಿಟ್ಟು, ಪುಸ್ತಿಕೆಯ ನಾಲ್ಕನೇ ಪ್ಯಾರಾ ಜೋರಾಗಿ ಓದು ಅಂದೆ. ಆಗ ತಾನೇ ಹುಟ್ಟಿದ ಮಗುವನ್ನು ಒಂದು ವರ್ಷ ತಾಯಿಯ ಹಾಲಿನಲ್ಲೇ ಸಾಕಬಹುದು ಅನ್ನುವ ಸಾಲು ಅಲ್ಲಿದೆ. ಅದರಲ್ಲಿ ತಾಯಿಗೆ ಬಳಸಿದ ಪದ ‘ಡ್ಯಾಮ್’.

‘ಡ್ಯಾಮ್ ಅಂದ್ರೆ ಅಣೆಕಟ್ಟು ಅಲ್ವಾ ಮೇಡಂ? ನಾನು ಅದನ್ನ ಬಿಟ್ಟು ಓದಿದ್ದೆ’ ಅಂದಳು.

ಡಿಕ್ಷನರಿ ತೆಗೆಸಿದೆ. ಪ್ರಾಣಿಯ ತಾಯಿ ಎಂದಿತ್ತು. ‘ನಿಮ್ಮ ಮನೇಲಿ ಹಸು ಇದೆಯೇನಮ್ಮ?’ ಅಂದೆ. ಎರಡಿವೆ, ಡೈರಿಗೆ ಹಾಲು ಹಾಕ್ತೀವಿ ಅಂದಳು. ‘ಹಾಗಾದ್ರೆ ಈ ಸಾಲನ್ನ ಕನ್ನಡದಲ್ಲಿ ಹೇಳು.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ‘ಹಸು ಈಯುತ್ತೆ, ಹೆಂಗಸು ಹೆರ್ತಾಳೆ. ಇವನು ಹೆಂಗಸು ಈದಳು ಅಂತಿದ್ದಾನೆ’ ಅಂದಳು. ಮುಖದ ಬಣ್ಣವೇ ಬದಲಾಗಿತ್ತು. ‘ಈ ಮಾತನ್ನ ಯಾರು ಹೇಳ್ತಿರೋದು ಮೇಡಂ, ಸ್ವಿಫ್ಟಾ?’

ಒಂಬತ್ತು ಟಿಪ್ಪಣಿಗಳಲ್ಲಿ ನಾನು ಕೇಳಬೇಕಿದ್ದದ್ದು ಇದೊಂದೇ ಪ್ರಶ್ನೆ. ಅವಳೇ ಕೇಳಿಬಿಟ್ಟಳು. ನಮ್ಮ ದಾಸರ ಪದಗಳಲ್ಲಿ ಸೋಗಿನ ಭಕ್ತಿಯನ್ನು ಬೈಯುವಾಗ ಬೈಯುವವರು ದಾಸರೇ. ಮಕ್ಕಳಿಗೆ ಆ ಬಗೆಯ ಟೀಕೆ ಚೆನ್ನಾಗಿ ಗೊತ್ತು. ಸ್ವಿಫ್ಟ್ ಇಲ್ಲಿ ಬೇರೊಬ್ಬನನ್ನು ಮಾತಿಗೆ ಬಿಟ್ಟು, ತಾನು ಹಿಂದೆ ನಿಂತಿದ್ದಾನೆ. ಇದನ್ನು ಹಿಡಿಯುವುದು ಕಷ್ಟ. ಜಾಣ ಮಕ್ಕಳಿಗೂ ತಪ್ಪುತ್ತದೆ.

ಆಮೇಲೆ ಒಂದೇ ಕೆಲಸ ಕೊಟ್ಟೆ. ‘ಸ್ವಿಫ್ಟ್ ಹೇಳುತ್ತಾನೆ’ ಅಂತ ಬರೆದ ಕಡೆಯಲ್ಲೆಲ್ಲ ಅದನ್ನು ಹೊಡೆದು, ‘ಲೆಕ್ಕ ಹಾಕುವವನು ಹೇಳುತ್ತಾನೆ’ ಎಂದು ಬರಿ. ಹಾಗೆ ಬರೆದ ಮೇಲೆ ಎಲ್ಲಿ ವಾಕ್ಯ ಸುಳ್ಳಾಗುತ್ತೋ ಅಲ್ಲಿ ಗುರುತು ಹಾಕು.

ಇದರಿಂದ ಪ್ರಬಂಧದ ನಡುಭಾಗ ಪೂರ್ತಿ ಬದಲಾಯಿತು. ಮೊದಲು ‘ಸ್ವಿಫ್ಟ್ ಕೆಲವು ಅಂಕಿಅಂಶ ಕೊಡುತ್ತಾನೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದಳು. ಈಗ ಆ ಅಂಕಿಗಳನ್ನು ಒಂದೊಂದಾಗಿ ಬಿಡಿಸಿದಳು. ಮಕ್ಕಳನ್ನು ಹೆರುವ ವಯಸ್ಸಿನ ದಂಪತಿಗಳು 2,00,000. ಸ್ವಂತವಾಗಿ ಸಾಕಬಲ್ಲವರು 30,000, ಅವರನ್ನು ಕಳೆ. ಗರ್ಭಪಾತವಾಗುವವರು, ವರ್ಷದೊಳಗೆ ಮಗು ಕಳೆದುಕೊಳ್ಳುವವರು 50,000, ಅದನ್ನೂ ಕಳೆ. ಉಳಿದ 1,20,000 ಮಕ್ಕಳಲ್ಲಿ 20,000 ತಳಿಗೆ, 1,00,000 ಮಾರಾಟಕ್ಕೆ. ಒಂದು ಮಗು ಸಾಕಲು 2 ಶಿಲ್ಲಿಂಗ್, ಮಾರಿದರೆ 10 ಶಿಲ್ಲಿಂಗ್, ತಾಯಿಗೆ 8 ಶಿಲ್ಲಿಂಗ್ ಲಾಭ. ಇಷ್ಟು ಬರೆದು ಕೆಳಗೆ ಸೇರಿಸಿದ್ದಳು: ‘ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಸತ್ತ 50,000 ಮಕ್ಕಳನ್ನು ಬರೀ ಕಳೆಯುವ ಸಂಖ್ಯೆ ಮಾಡಿದ್ದಾನೆ.’ ಈ ಸಾಲು ಯಾವ ಗೈಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪಕ್ಕದಲ್ಲಿ ‘ತುಂಬಾ ಚೆನ್ನಾಗಿದೆ, ಇದನ್ನು ಇನ್ನೂ ನಾಲ್ಕು ಸಾಲು ಬೆಳೆಸು’ ಎಂದು ಬರೆದೆ. ಹೊಗಳುವಾಗಲೂ ಯಾವ ಸಾಲು, ಮುಂದೇನು ಅಂತ ಹೇಳಬೇಕು. ಸುಮ್ನೆ ‘ಗುಡ್’ ಅಂತ ಬರೆದರೆ ಮಗುವಿಗೆ ಏನೂ ಸಿಗುವುದಿಲ್ಲ.

ಹುಚ್ಚಿನ ವಿಷಯ ಬೇಗ ಮುಗಿಯಿತು. ಸ್ವಿಫ್ಟ್‌ನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅಧಿಕೃತವಾಗಿ ತೀರ್ಮಾನವಾದದ್ದು 1742ರಲ್ಲಿ. ಪುಸ್ತಿಕೆ ಬಂದ 1729, ಈ 1742, ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದೆ. ಆ ಪ್ಯಾರಾ ಅವಳೇ ತೆಗೆದಳು.

ಮೂರನೇ ಪ್ರತಿ ತಂದಾಗ ಕೇಳಿದಳು, ‘ಇವನು ಸ್ವಿಫ್ಟ್ ಅಲ್ಲ ಅಂದ್ರೆ, ಸ್ವಿಫ್ಟ್ ಎಲ್ಲಿದ್ದಾನೆ ಮೇಡಂ?’ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ‘ಲೆಕ್ಕ ಹಾಕುವವನು ಯಾವುದನ್ನ ಬೇಡ ಬೇಡ ಅಂತಾನೆ, ಹುಡುಕು’ ಅಂದೆ.

ಮರುದಿನವೇ ಬಂದಳು. ಕೊನೆಗೆ ಹತ್ತಿರ ಒಂದು ಪಟ್ಟಿ ಇದೆ. ಊರಲ್ಲಿಲ್ಲದ ಜಮೀನ್ದಾರರಿಗೆ ಪೌಂಡಿಗೆ 5 ಶಿಲ್ಲಿಂಗ್ ತೆರಿಗೆ ಹಾಕುವುದು, ನಾವೇ ನೇಯ್ದ ಬಟ್ಟೆ ಉಡುವುದು, ಗೇಣಿದಾರರ ಮೇಲೆ ಜಮೀನ್ದಾರರು ಒಂದಿಷ್ಟಾದರೂ ಕರುಣೆ ತೋರುವುದು. ಇಂಥ ಉಪಾಯಗಳನ್ನು ನನ್ನ ಹತ್ತಿರ ಹೇಳಬೇಡಿ ಅನ್ನುತ್ತಾನೆ ಆ ಮನುಷ್ಯ. ‘ಇದು ನಮ್ಮ ಸ್ವದೇಶಿ ಥರಾನೇ ಇದೆ’ ಅಂದಳು. ‘ಸ್ವಿಫ್ಟ್ ಇದನ್ನ ನಿಜವಾಗಿ ನಂಬಿದ್ದ ಅನ್ನೋದಕ್ಕೆ ಸಾಕ್ಷಿ?’ ಅಂದೆ. ಇಲ್ಲಿ ಮಾತ್ರ ಮಾಹಿತಿ ನಾನೇ ಕೊಟ್ಟೆ. ಐರಿಶ್ ಜನ ತಮ್ಮ ದೇಶದ ಬಟ್ಟೆಯನ್ನೇ ಉಡಬೇಕು ಎಂದು ಅವನು 1720ರಲ್ಲೇ ಒಂದು ಪುಸ್ತಿಕೆ ಬರೆದಿದ್ದ. ಅದನ್ನು ಅಚ್ಚು ಹಾಕಿದವನ ಮೇಲೆ ಸರ್ಕಾರ ಮೊಕದ್ದಮೆ ಹೂಡಿತ್ತು. ಒಂಬತ್ತು ವರ್ಷ ನೇರವಾಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಈ ಪುಸ್ತಿಕೆ ಬಂತು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ಕೊನೆಯ ಪ್ರತಿಯಲ್ಲಿ ಇಂಗ್ಲಿಷ್ ತಪ್ಪುಗಳಿದ್ದವು. ಅವನ್ನು ಆಗ ಮಾತ್ರ ತಿದ್ದಿದೆ. ಮೊದಲೇ ತಿದ್ದಿದ್ದರೆ ಹುಡುಗಿ ವ್ಯಾಕರಣ ಸರಿಮಾಡಿಕೊಂಡು ಕೂರುತ್ತಿದ್ದಳು, ಓದುತ್ತಿರಲಿಲ್ಲ. ಪ್ರಬಂಧದ ಸಿಟ್ಟು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದೀಗ ಜಮೀನ್ದಾರರ ಮೇಲೆ, ಲೆಕ್ಕ ಹಾಕುವವನ ಮೇಲೆ ಇತ್ತು.

ಎರಡು ವಾರದ ನಂತರ ಸ್ವಿಫ್ಟ್‌ನ ಬೇರೇನಾದರೂ ಕೊಡಿ ಎಂದು ಬಂದಳು. 1724ರಲ್ಲಿ ಶುರುವಾದ ಡ್ರೇಪಿಯರ್ ಪತ್ರಗಳನ್ನು ಕೊಟ್ಟೆ. ಬಾಗಿಲ ಹತ್ತಿರ ನಿಂತೇ ಮೊದಲ ಪುಟ ಓದಿ ತಿರುಗಿ ನೋಡಿದಳು. ‘ಮೇಡಂ, ಇಲ್ಲಿ ಮಾತಾಡೋನು ಬಟ್ಟೆ ಅಂಗಡಿಯವನು ಅಲ್ವಾ? ಇವನನ್ನ ನಂಬಬಹುದಾ?’